ಹುಸ್ನಾಳ ಗಾಡಿಯ ಬೆಲ್ಟು

ಅಬ್ದುಲ್ಲಾ ಕೆಲಸ ಕಲಿತದ್ದು ಚೈನಿನ ಗಾಡಿಗಳ ಮೇಲೆ. ಚಿಕ್ಕಮಗಳೂರಿನ ಸೋದರಮಾವನ ಗ್ಯಾರೇಜಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಡಬ್ಬಿಯಲ್ಲಿ ಸೀಮೆಎಣ್ಣೆ ಇಟ್ಟುಕೊಂಡು ತಾನು ತೊಳೆದ ಚೈನುಗಳನ್ನೆಲ್ಲ ಒಂದಕ್ಕೊಂದು ಕೂಡಿಸಿದ್ದರೆ ಮೂಡಿಗೆರೆಯ ತನಕ ಬರುತ್ತಿತ್ತು ಎಂದು ಅವನೇ ನಗುತ್ತ ಹೇಳುವುದಿತ್ತು. ಮದುವೆಯಾದ ಮೇಲೆ ಮೂಡಿಗೆರೆಗೆ ಬಂದು ಬೇಲೂರು ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿದ. ಅದರ ಹಿಂದೆಯೇ ಎರಡು ಕೋಣೆಯ ಮನೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳು, ಹಾಲಿನವರು, ಮೀನು ಮಾರುವವರು ಎಲ್ಲರ ಬೈಕುಗಳೂ ಅವನಲ್ಲಿಗೆ ಬರುತ್ತಿದ್ದವು. ಗಾಡಿ ಎಂದರೆ ಚೈನಿರಬೇಕು, ಸಡಿಲಾದರೆ ಸದ್ದು ಮಾಡಿ ಹೇಳಬೇಕು ಎಂಬುದು ಅವನ ನಂಬಿಕೆ. ಗೇರಿಲ್ಲದ ಸ್ಕೂಟರುಗಳು ಊರು ತುಂಬ ತಿರುಗತೊಡಗಿದಾಗ ಅವನಿಗೆ ಅವು ಹಿಡಿಸಲಿಲ್ಲ.

"ಒಳಗೆ ಇರೋದು ರಬ್ಬರ್ ಬೆಲ್ಟು ಮಾರಾಯ. ಇದು ಗಾಡಿಯಾ, ನಮ್ಮನೆಯವಳ ಹೊಲಿಗೆ ಮೆಷಿನ್ನಾ?" ಎಂದು ಹೇಳಿ ಸ್ಕೂಟರಿನವರನ್ನು ಬೇರೆ ಗ್ಯಾರೇಜಿಗೆ ಕಳಿಸುತ್ತಿದ್ದ.

ಅವನ ಈ ಹಟ ಬಿಡಿಸಿದವಳು ಮಗಳು ಹುಸ್ನಾ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ, ಆಸೆ ಬಿಟ್ಟ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಚಿಕ್ಕಮಗಳೂರಿನಲ್ಲಿ ಲ್ಯಾಬ್ ಕೋರ್ಸ್ ಮುಗಿಸಿ, ಮೂಡಿಗೆರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಪೇಟೆಗೆ ಬರಲಾಗದ ಮುದುಕರು, ಹಾಸಿಗೆ ಹಿಡಿದವರು, ಬಾಣಂತಿಯರು ಇರುವ ಮನೆಗಳಿಗೆ ಬೆಳಿಗ್ಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಎಸ್ಟೇಟಿನ ಒಳದಾರಿಗಳಲ್ಲಿ ಬಸ್ಸು ನಂಬಿಕೊಂಡರೆ ಆಗುವುದಿಲ್ಲ. ಅಬ್ದುಲ್ಲಾ ಒಬ್ಬ ಟೀಚರಮ್ಮನ ಹಳೇ ಸ್ಕೂಟರನ್ನು ಕೊಂಡು ತಂದು, ಅದನ್ನು ಪೂರ್ತಿ ಬಿಚ್ಚಿ, ಗೊತ್ತಿದ್ದವರನ್ನು ಕೇಳಿ ಕೇಳಿ ಬೆಲ್ಟಿನ ಕೆಲಸ ಕಲಿತ. ಏರುದಾರಿಯಲ್ಲಿ ಬೆಲ್ಟು ಬೇಗ ಸವೆಯುತ್ತದೆ. ಚೈನಿನ ಹಾಗೆ ಅದು ಮೊದಲೇ ಕೂಗಿ ಹೇಳುವುದಿಲ್ಲ, ಒಂದು ದಿನ ಸುಮ್ಮನೆ ಹರಿದು ನಿಲ್ಲುತ್ತದೆ. ಆ ಹೆದರಿಕೆಗೇ ಅವನು ಆಗಾಗ ಮಗಳ ಗಾಡಿಯ ಕವರ್ ಬಿಚ್ಚಿ ನೋಡುತ್ತಿದ್ದ.

"ಅಬ್ಬಾ, ಹೊಲಿಗೆ ಮೆಷಿನ್ ರೆಡಿ ಆಯ್ತಾ? ಜನ ಖಾಲಿ ಹೊಟ್ಟೇಲಿ ಕೂತಿರ್ತಾರೆ," ಎಂದು ಹುಸ್ನಾ ಅಪ್ಪನನ್ನು ಅವಸರಿಸಿ, ನಿಂತುಕೊಂಡೇ ಟೀ ಕುಡಿದು, ರಕ್ತದ ಸೀಸೆಗಳ ನೀಲಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಹೊರಡುತ್ತಿದ್ದಳು.

ಹೀಗೆ ಮೂರು ವರ್ಷ ನಡೆಯಿತು. ಒಂದು ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಮೊದಲು ಸಾಧಾರಣ ಜ್ವರ ಎಂದುಕೊಂಡರು. ಬಿಡಲಿಲ್ಲ. ಊರವರ ರಕ್ತವನ್ನೆಲ್ಲ ತೆಗೆಯುತ್ತಿದ್ದವಳ ರಕ್ತವನ್ನು ಅವಳ ಲ್ಯಾಬಿನವರೇ ಬಂದು ತೆಗೆದುಕೊಂಡು ಹೋದರು. ಪ್ಲೇಟ್‌ಲೆಟ್ ಕಡಿಮೆಯಾಗಿದೆ ಎಂದರು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರುಗಳು ತಮ್ಮಿಂದ ಆಗುವುದನ್ನೆಲ್ಲ ಮಾಡಿದರು. ಹುಸ್ನಾ ಉಳಿಯಲಿಲ್ಲ. ಅದೇ ಘಾಟಿ ಹತ್ತಿಕೊಂಡು ಅವಳನ್ನು ವಾಪಸ್ ತಂದು ಮೂಡಿಗೆರೆಯಲ್ಲೇ ಮಣ್ಣು ಮಾಡಿದರು.

ಗಾಡಿ ಶೆಡ್ಡಿನ ಮೂಲೆಯಲ್ಲಿ ಉಳಿಯಿತು. ಅಬ್ದುಲ್ಲಾ ಅದರ ಮೇಲೊಂದು ಟಾರ್ಪಾಲು ಹೊದಿಸಿದ. ಅದನ್ನು ಮಾರುವ ಮಾತು ಯಾರೂ ಎತ್ತಲಿಲ್ಲ. ಅವನ ಹೆಂಡತಿ ರಶೀದಾ ಮಾತ್ರ ಶುಕ್ರವಾರಕ್ಕೊಮ್ಮೆ, ಅವನು ನಮಾಜಿಗೆ ಹೋದ ಹೊತ್ತಿನಲ್ಲಿ ಬಂದು, ಟಾರ್ಪಾಲು ಸರಿಸಿ, ಸೆಂಟರ್ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುತ್ತಿದ್ದಳು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಸ್ವಲ್ಪ ಹೊತ್ತು ನೋಡಿಕೊಂಡು ನಿಂತು, ಆರಿಸಿ, ಮತ್ತೆ ಹೊದಿಸಿ ಒಳಗೆ ಹೋಗುತ್ತಿದ್ದಳು. ಬ್ಯಾಟರಿ ಸಾಯಬಾರದು ಎಂಬುದು ಅವಳು ಹೇಳುತ್ತಿದ್ದ ಕಾರಣ. ಅವನೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಲ್ಯಾಬಿನವರು ಹುಸ್ನಾಳ ಜಾಗಕ್ಕೆ ಅರುಣಾ ಎಂಬವಳನ್ನು ತೆಗೆದುಕೊಂಡರು. ಕಳಸದ ಕಡೆಯವಳು, ಮೂಡಿಗೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಅವಳದೂ ಹುಸ್ನಾಳದೇ ಮಾಡೆಲಿನ ಸ್ಕೂಟರು. ಕಾಲ ಬಳಿ ಅದೇ ನೀಲಿ ಚೀಲ. ಬೆಳಿಗ್ಗೆ ಅವಳು ಶೆಡ್ಡಿನ ಮುಂದೆ ಹಾದು ಹೋಗುವಾಗ ಅಬ್ದುಲ್ಲಾ ಕೈಯಲ್ಲಿದ್ದ ಕೆಲಸದ ಮೇಲೆ ಇನ್ನಷ್ಟು ಬಗ್ಗುತ್ತಿದ್ದ. ಆ ಹುಡುಗಿಯ ತಪ್ಪು ಏನೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ನೋಡಲು ಆಗುತ್ತಿರಲಿಲ್ಲ.

ದೀಪಾವಳಿಯ ಬೆಳಿಗ್ಗೆ ಅವಳು ಗಾಡಿ ತಳ್ಳಿಕೊಂಡು ಶೆಡ್ಡಿಗೇ ಬಂದಳು. ಊರಿನ ಬೇರೆ ಗ್ಯಾರೇಜುಗಳು ಹಬ್ಬಕ್ಕೆ ಬಾಗಿಲು ಹಾಕಿದ್ದವು.

"ಅಣ್ಣ, ಎಂಜಿನ್ ಓಡ್ತಿದೆ, ಗಾಡಿ ಮುಂದೆ ಹೋಗ್ತಿಲ್ಲ," ಎಂದಳು. ತಳ್ಳಿ ತಳ್ಳಿ ಉಸಿರು ಬಿಡುತ್ತಿದ್ದಳು.

ಅಬ್ದುಲ್ಲಾ ಎಡಗಡೆಯ ಕವರ್ ಬಿಚ್ಚಿದ. ಬೆಲ್ಟು ಹರಿದು ನಾರು ನಾರಾಗಿ ಒಳಗೆ ಸುತ್ತಿಕೊಂಡಿತ್ತು.

"ಬೆಲ್ಟ್ ಹೋಗಿದೆ. ನನ್ನ ಹತ್ರ ಈ ಗಾಡೀದು ಇಲ್ಲ. ಚಿಕ್ಕಮಗಳೂರಿಂದ ತರಿಸ್ಬೇಕು. ಅವರೂ ಹಬ್ಬ ಕಳೀದೆ ಅಂಗಡಿ ತೆಗೆಯಲ್ಲ."

"ಇವತ್ತು ಹೋಗ್ಲೇಬೇಕಿತ್ತಲ್ಲ ಅಣ್ಣ."

"ಆಟೋ ಮಾಡ್ಕೊಂಡು ಹೋಗಮ್ಮ."

"ಹಬ್ಬದ ದಿನ ಎಸ್ಟೇಟ್ ಒಳಗೆ ಯಾರೂ ಬರೋಕೆ ಒಪ್ಪಲ್ಲ. ಕೇಳಿ ನೋಡ್ದೆ. ಸಕ್ಕರೆ ಕಾಯಿಲೆ ಇರೋ ವಯಸ್ಸಾದವ್ರು, ಮಾತ್ರೆ ತಗೊಳ್ದೆ, ತಿಂಡಿ ತಿನ್ದೆ ಕೂತಿರ್ತಾರೆ. ನಾನು ಬರಲ್ಲ ಅಂತ ಫೋನ್ ಮಾಡಿದ್ರೂ, ಇನ್ನೇನು ಬಂದ್ಲು ಅಂತ ಕಾಯ್ತಾನೇ ಇರ್ತಾರೆ."

ಅಬ್ದುಲ್ಲಾ ಸ್ಪ್ಯಾನರ್ ಕೆಳಗಿಟ್ಟ. ಕೈ ಒರೆಸಿಕೊಂಡ. ಮೂಲೆಯ ಟಾರ್ಪಾಲಿನ ಕಡೆ ನೋಡಿದ. ಗಾಡಿಯನ್ನೇ ಕೊಟ್ಟು ಕಳಿಸಬಹುದಿತ್ತು. ಆದರೆ ಆ ಸೀಟಿನ ಮೇಲೆ ಇನ್ನೊಬ್ಬಳು ಕೂತು, ಅದೇ ಚೀಲ ಇಟ್ಟುಕೊಂಡು, ಅದೇ ಶೆಡ್ಡಿನಿಂದ ಹೊರಗೆ ಹೋಗುವುದನ್ನು ನೆನೆಸಿಕೊಂಡು ಅವನು ಮುಖ ಈಚೆ ತಿರುಗಿಸಿದ. ಬೆಲ್ಟಾದರೆ ಹೊರಗೆ ಕಾಣುವುದಿಲ್ಲ.

"ಅಲ್ಲಿ ಟೀ ಅಂಗಡಿ ಇದೆ, ಹೋಗಿ ಕೂತಿರು," ಎಂದ.

ಅವಳು ಅತ್ತ ಹೋದ ಮೇಲೆ ಟಾರ್ಪಾಲು ಸರಿಸಿ ಹುಸ್ನಾಳ ಗಾಡಿಯ ಕಿಕ್ಕರ್ ಕಳಚಿ, ಕವರಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಮಗಳು ಹೋದ ಮೇಲೆ ಅದರ ಮೇಲೆ ಸ್ಪ್ಯಾನರ್ ಇಟ್ಟದ್ದು ಅದೇ ಮೊದಲು. ಕವರ್ ಕೈಗೆ ಬಂದಾಗ ಒಳಗೆ ಕಾಡಿಗೆಯಂಥ ಕಪ್ಪು ಪುಡಿ ಕೂತಿತ್ತು. ಬೆಲ್ಟು ಸವೆದು ಸವೆದು ಉದುರುವ ಪುಡಿ ಅದು, ಎಲ್ಲ ಸ್ಕೂಟರುಗಳಲ್ಲೂ ಇರುತ್ತದೆ. ಬೇರೆ ಗಾಡಿಯಾಗಿದ್ದರೆ ಗಾಳಿಯ ಪೈಪು ಹಿಡಿದು ಒಂದೇ ಸಲಕ್ಕೆ ಊದಿಬಿಡುತ್ತಿದ್ದ. ಅವನ ಕೈ ಪೈಪಿನ ತನಕ ಹೋಗಿ ನಿಂತಿತು. ಮಗಳು ಹತ್ತಿದ ಏರು, ಇಳಿದ ಇಳಿಜಾರು, ಮುದುಕರ ಮನೆಗಳ ಅಂಗಳದಲ್ಲಿ ತಿರುಗಿಸಿಕೊಂಡು ಬಂದ ತಿರುವು ಎಲ್ಲವೂ ಹೀಗೆ ಪುಡಿಯಾಗಿ ಇಲ್ಲಿ ಕೂತಿದೆ ಎನಿಸಿತು. ಊದಲಿಲ್ಲ. ಒಂದು ಹಳೇ ಬನಿಯನ್ ಚೂರು ತಂದು ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಮಡಿಸಿ ಸೀಟಿನ ಕೆಳಗೆ ಇಟ್ಟ.

ಬೆಲ್ಟನ್ನು ತೆಗೆದು ಒಳಮೈ ಹೊರಗೆ ಬರುವಂತೆ ಬಗ್ಗಿಸಿ ನೋಡಿದ. ಹಲ್ಲಿನ ಸಂದಿಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಕೆಲವು ವಾರ ಓಡುತ್ತದೆ. ಅದನ್ನು ಅರುಣಾಳ ಗಾಡಿಗೆ ಹಾಕಿಕೊಟ್ಟ.

"ಹೊಸದು ಬಂದ ಕೂಡ್ಲೆ ಫೋನ್ ಮಾಡ್ತೀನಿ. ಅಲ್ಲಿ ತನಕ ಜೋರು ಓಡಿಸ್ಬೇಡ," ಎಂದ. ಅದು ಯಾರ ಬೆಲ್ಟು ಎಂದು ಅವಳಿಗೂ ಹೇಳಲಿಲ್ಲ, ರಶೀದಾಗೂ ಹೇಳಲಿಲ್ಲ. ಹೊಸದು ಬಂದಮೇಲೆ ಸದ್ದಿಲ್ಲದೆ ಸರಿಮಾಡಿಟ್ಟರಾಯಿತು ಎಂದುಕೊಂಡ.

ಆದರೆ ಹೊಸದು ಬರುವುದಕ್ಕಿಂತ ಮುಂಚೆ ಶುಕ್ರವಾರ ಬಂತು. ಅವನು ಮಸೀದಿಯಿಂದ ವಾಪಸ್ ಬಂದಾಗ ಹುಸ್ನಾಳ ಗಾಡಿ ಇನ್ನೂ ಓಡುತ್ತಿತ್ತು. ರಶೀದಾ ಅದರ ಹಿಂದೆ ನೆಲದ ಮೇಲೆ ಕೂತಿದ್ದಳು.

"ಚಕ್ರ ಯಾಕೆ ತಿರುಗ್ತಿಲ್ಲ?" ಎಂದು ಕೇಳಿದಳು.

ಅವನು ಇದ್ದದ್ದನ್ನು ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಎದ್ದು ಗಾಡಿ ಆರಿಸಿ, ಟಾರ್ಪಾಲು ಹೊದಿಸಿ, ಅದರ ನಾಲ್ಕೂ ಮೂಲೆ ಎಳೆದು ಸರಿಮಾಡಿದಳು.

"ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತಿರಲಿಲ್ಲ. ಹೊತ್ತು ಹೊತ್ತಿಗೆ ಊಟ ಬರುತ್ತಿತ್ತು, ಬಿಸಿನೀರು ಬರುತ್ತಿತ್ತು. ಚಿಕ್ಕಮಗಳೂರಿನಿಂದ ಬೆಲ್ಟುಗಳ ಪಾರ್ಸೆಲ್ ಬಂದ ದಿನ ಅವಳೇ ಶೆಡ್ಡಿಗೆ ಬಂದಳು.

"ಅವಳ ಬೆಲ್ಟನ್ನ ವಾಪಸ್ ತನ್ನಿ."

"ಹೊಸದು ಬಂದಿದೆಯಲ್ಲ ರಶೀದಾ. ಇದನ್ನೇ ಹಾಕ್ತೀನಿ."

"ಹೊಸದು ಎಂತಕ್ಕೆ? ಹುಸ್ನಾ ಓಡಿಸಿದ್ದು ಅದು."

ಅಬ್ದುಲ್ಲಾ ಮಾತು ಬೆಳೆಸಲಿಲ್ಲ. ಅರುಣಾಗೆ ಫೋನು ಮಾಡಿದ. ಮಧ್ಯಾಹ್ನ ಅವಳು ಬಂದಳು. ರಶೀದಾ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದಳು. ಯಾಕೆ ಎಂದು ಅರುಣಾಗೆ ಅರ್ಥವಾಗಲಿಲ್ಲ. ಅಬ್ದುಲ್ಲಾ ಕೆಲಸ ಮಾಡುತ್ತಲೇ, ತಲೆ ಎತ್ತದೆ, "ನಿನ್ನ ಗಾಡೀಲಿರೋದು ನನ್ನ ಮಗಳ ಗಾಡಿ ಬೆಲ್ಟಮ್ಮ," ಎಂದ.

ಅರುಣಾ ಬಗ್ಗಿ ಬಿಚ್ಚಿದ ಕವರಿನೊಳಗೆ ನೋಡಿದಳು. ಆಮೇಲೆ, "ನಂಗೆ ಹೇಳ್ಬೇಕಿತ್ತು ಅಣ್ಣ. ನಾನು ಗೊತ್ತಿಲ್ದೆ ಓಡಿಸ್ಕೊಂಡು ತಿರುಗಿದ್ನಲ್ಲ," ಎಂದಳು.

ಬೆಲ್ಟು ಹೊರಗೆ ಬಂತು. ಕೆಲವೇ ದಿನಗಳ ಏರುದಾರಿಯಲ್ಲಿ ಕೂದಲೆಳೆಯ ಬಿರುಕುಗಳು ಬಾಯಿ ಬಿಟ್ಟುಕೊಂಡಿದ್ದವು. ಅಬ್ದುಲ್ಲಾ ಅದನ್ನು ಬಗ್ಗಿಸಿ ಹೆಂಡತಿಗೆ ತೋರಿಸಿದ. "ಇದನ್ನ ಹಾಕಿದ್ರೆ ನಿಂತಲ್ಲಿ ಚಕ್ರ ತಿರುಗುತ್ತೆ. ರಸ್ತೆಗೆ ಆಗಲ್ಲ."

"ರಸ್ತೆಗೆ ಯಾರು ತಗೊಂಡು ಹೋಗ್ತಾರೆ ಈಗ?" ಎಂದಳು ರಶೀದಾ.

ಅಬ್ದುಲ್ಲಾ ಬೆಲ್ಟನ್ನು ಕೈಯಲ್ಲೇ ಹಿಡಿದು ನಿಂತ. ಅರುಣಾ ಸ್ಟೂಲಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅಮ್ಮ, ವಸ್ತಾರೆ ಕಡೆ ಹೋಗೋ ದಾರೀಲಿ ರುದ್ರಪ್ಪ ಅಜ್ಜ ಅಂತ ಇದಾರೆ. ಮೊದಲು ಎಸ್ಟೇಟ್ ರೈಟರ್ ಆಗಿದ್ದವ್ರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಅವ್ರು ಈಗ್ಲೂ ನನ್ನನ್ನ ಹುಸ್ನಾ ಅಂತಾನೇ ಕರೀತಾರೆ. 'ಹುಸ್ನಾ, ಮೆಲ್ಲಗೆ ಚುಚ್ಚು' ಅಂತಾರೆ. ಆಮೇಲೆ ನೆನಪು ಮಾಡ್ಕೊಂಡು, 'ಓ, ಅವಳು ಹೋದ್ಲಲ್ಲ' ಅಂತಾರೆ."

ರಶೀದಾ ತಲೆ ಎತ್ತಿದಳು. "ಅವರಿಗೆ ಗೊತ್ತಾ ಹಾಗಾದ್ರೆ?"

ಅರುಣಾ ಹೇಳಬಾರದ್ದನ್ನು ಹೇಳಿಬಿಟ್ಟೆ ಎಂಬಂತೆ ಅಬ್ದುಲ್ಲಾನ ಮುಖ ನೋಡಿದಳು. "ಇಲ್ಲಮ್ಮ. ಆಗ ಅವರಿಗೆ ಹಾರ್ಟ್ ತೊಂದ್ರೆ ಆಗಿತ್ತು. ಅವರಿಗೆ ಹುಸ್ನಾ ಅಂದ್ರೆ ಜೀವ. ಈ ಸುದ್ದಿ ಕೇಳಿದ್ರೆ ತಡೆಯಲ್ಲ ಅಂತ ಮನೆಯವ್ರು ಮುಚ್ಚಿಟ್ರು. ನಾನು ಮೊದಲ ದಿನ ಹೋದಾಗ ಕಳಸದಿಂದ ಬಂದಿದೀನಿ ಅಂದೆ. ಅಷ್ಟು ಕೇಳಿದ್ದೇ ಅವರ ಸೊಸೆ, ಹುಸ್ನಾ ಮದುವೆಯಾಗಿ ಕಳಸಕ್ಕೆ ಹೋದ್ಲು, ಅದಕ್ಕೆ ಇವಳು ಬಂದಿದಾಳೆ ಅಂತ ಹೇಳಿಬಿಟ್ರು. ಅವ್ರು ಹಾಗೇ ನಂಬ್ಕೊಂಡಿದಾರೆ."

ಹೊರಗೆ ರಸ್ತೆಯಲ್ಲಿ ಕೂಲಿಯವರನ್ನು ತುಂಬಿಕೊಂಡ ಜೀಪು ಹೋಯಿತು. ರಶೀದಾ ಗಂಡನ ಕೈಯಲ್ಲಿದ್ದ ಹಳೇ ಬೆಲ್ಟನ್ನು ನೋಡಿದಳು, ಮೂಲೆಯ ಗಾಡಿಯನ್ನು ನೋಡಿದಳು.

"ಅದಕ್ಕೂ ಹೊಸದೇ ಹಾಕಿ," ಎಂದಳು. "ನಂಗೆ ಆ ಮನೆಗೆ ಹೋಗ್ಬೇಕು."

ಅಬ್ದುಲ್ಲಾ ಅರುಣಾಳ ಗಾಡಿಯ ಕೆಲಸ ಮುಗಿಸಿ ಹುಸ್ನಾಳದ್ದಕ್ಕೆ ಕೈ ಹಾಕಿದ. ಹೊಸ ಬೆಲ್ಟಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು ಇರುತ್ತದೆ. ಅದನ್ನು ಎರಡು ಸಲ ನೋಡಿಕೊಂಡ. ಹಿಂದಿನ ಪುಲ್ಲಿಯ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ, ಬೆಲ್ಟನ್ನು ಆಳಕ್ಕೆ ಒತ್ತಿ ಕೂರಿಸಿದ. ಹಾಗೆ ಮಾಡಿದರೆ ಮುಂದುಗಡೆ ಬೆಲ್ಟು ಸಡಿಲವಾಗಿ ಸಿಗುತ್ತದೆ. ಇಲ್ಲದಿದ್ದರೆ ನಟ್ಟು ಬಿಗಿಯುವಾಗ ಅದು ಮಧ್ಯೆ ಸಿಕ್ಕಿಕೊಂಡು ಮೊದಲ ದಿನವೇ ಹಾಳಾಗುತ್ತದೆ. ನಟ್ಟು ಬಿಗಿದು, ಬೆಲ್ಟು ಮೇಲಕ್ಕೆ ಬರುವ ತನಕ ಕೈಯಲ್ಲೇ ಚಕ್ರ ತಿರುಗಿಸಿದ. ಕವರ್ ಮುಚ್ಚಿ ಸ್ಟಾರ್ಟ್ ಮಾಡಿದಾಗ ಚಕ್ರ ತಿರುಗಿತು. ರಶೀದಾ ಹಳೆಯ ಬೆಲ್ಟನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಒಳಗೆ ಹೋಗಿದ್ದಳು.

ಗಾಡಿಯ ಇನ್ಶೂರೆನ್ಸ್ ಮಾಡಿಸಿ, ಮುಂದಿನ ವಾರ ಹೊರಟರು. ಮುಂದೆ ಅರುಣಾಳ ಸ್ಕೂಟರು, ಹಿಂದೆ ಇವರದು. ರಶೀದಾ ಒಂದು ಕೈಯಲ್ಲಿ ಗಂಡನ ಭುಜ ಹಿಡಿದು ಕೂತಿದ್ದಳು. ಮಗಳು ದಿನಾ ಹೋಗುತ್ತಿದ್ದ ದಾರಿಯಲ್ಲಿ ಅವರಿಬ್ಬರೂ ಹೋದದ್ದು ಅದೇ ಮೊದಲು. ಡಾಂಬರು ಮುಗಿದು ಜಲ್ಲಿಯ ದಾರಿ ಬಂತು. ಎರಡೂ ಕಡೆ ಕಾಫಿ ಹಣ್ಣು ಕೆಂಪಾಗತೊಡಗಿತ್ತು. ಒಂದು ಕಡಿದಾದ ಏರಿನಲ್ಲಿ ಗಾಡಿ ತಿಣುಕಿದಾಗ ರಶೀದಾ, "ಇಲ್ಲೆಲ್ಲ ಒಬ್ಬಳೇ ಬರ್ತಿದ್ಲಾ?" ಎಂದು ಕೇಳಿದಳು. ಗಾಡಿಯ ಒಂದೊಂದು ನಟ್ಟೂ ಗೊತ್ತಿದ್ದ ಅಬ್ದುಲ್ಲಾಗೆ ಅದು ಎಲ್ಲೆಲ್ಲಿ ಹೋಗುತ್ತದೆ ಎಂದು ಗೊತ್ತಿರಲಿಲ್ಲ.

ರುದ್ರಪ್ಪನವರ ಮನೆಯ ಕಣದಲ್ಲಿ ಗಾಡಿ ನಿಲ್ಲಿಸುವಷ್ಟರಲ್ಲಿ ಜಗಲಿಯಿಂದ ದನಿ ಬಂತು.

"ಅದು ಹುಸ್ನಾನ ಗಾಡಿ ಸದ್ದಲ್ವಾ?"

ಬಾಗಿಲಲ್ಲಿ ನಿಂತಿದ್ದ ಸೊಸೆ ಮೇಘಶ್ರೀಯ ಮುಖ ಬಿಳುಚಿಕೊಂಡಿತು. ಅರುಣಾ ಬೇಗ ಮೆಟ್ಟಿಲು ಹತ್ತಿದಳು. "ಅಜ್ಜ, ಹುಸ್ನಾನ ಅಪ್ಪ ಅಮ್ಮ ಬಂದಿದಾರೆ."

ಜಗಲಿಯ ಕುರ್ಚಿಯಲ್ಲಿ ತೆಳ್ಳಗಿನ ಮುದುಕರು, ಹಣೆಯಲ್ಲಿ ವಿಭೂತಿ, ಕಣ್ಣು ತೆರೆದೇ ಇದ್ದರೂ ನೋಟ ಎಲ್ಲೋ. ಅವರು ಎರಡೂ ಕೈ ಮುಂದೆ ಚಾಚಿದರು. "ಬನ್ನಿ, ಬನ್ನಿ. ಮೇಘಾ, ಕುರ್ಚಿ ಹಾಕು. ಏನ್ ಸಾಬ್ರೇ, ನಿಮ್ಮ ಮಗಳು ಒಂದು ಮಾತು ಹೇಳ್ದೆ ಹೋಗಿಬಿಟ್ಲು. ಮದುವೆಗೂ ಕರೀಲಿಲ್ಲ ನೀವು."

ಅಬ್ದುಲ್ಲಾ ಕುರ್ಚಿಯ ಅಂಚಿನಲ್ಲಿ ಕೂತ. ನಿಜ ಹೇಳಿಬಿಡಬೇಕು ಎಂದು ಅವನಿಗೆ ಅನಿಸಿತು. ಅಷ್ಟರಲ್ಲಿ ರಶೀದಾ ಕುರ್ಚಿ ಬಿಟ್ಟು ಅವರ ಕಾಲ ಬಳಿಯೇ ಕೂತಿದ್ದಳು.

"ತಪ್ಪಾಯ್ತು ಯಜಮಾನ್ರೇ," ಎಂದಳು. "ಎಲ್ಲ ಬೇಗ ಬೇಗ ಆಗಿಹೋಯ್ತು. ಯಾರಿಗೂ ಹೇಳೋಕೆ ಆಗ್ಲಿಲ್ಲ."

"ಹೋಗ್ಲಿ ಬಿಡಿ. ಅಲ್ಲಿ ಸುಖವಾಗಿದಾಳಾ?"

ರಶೀದಾ ದುಪಟ್ಟಾ ಎಳೆದುಕೊಂಡಳು. "ಇದಾಳೆ."

"ಫೋನ್ ಮಾಡ್ತಾಳಾ?"

"ಇಲ್ಲ. ಅಲ್ಲಿ ನೆಟ್‌ವರ್ಕ್ ಸಿಗಲ್ಲ."

ಮುದುಕರು ತಲೆಯಾಡಿಸಿದರು. ಹುಸ್ನಾ ತಮ್ಮನ್ನು ಹೇಗೆ ಗದರಿಸುತ್ತಿದ್ದಳು, ಕದ್ದು ಹೋಳಿಗೆ ತಿಂದದ್ದು ರಿಪೋರ್ಟಿನಲ್ಲಿ ಕಂಡಾಗ ಹೇಗೆ ಮಾತು ಬಿಟ್ಟಳು, ಚುಚ್ಚುವ ಮುಂಚೆ ತಮ್ಮ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಹೇಗೆ ಬೆಚ್ಚಗೆ ಮಾಡುತ್ತಿದ್ದಳು ಎಂದು ಒಂದೊಂದಾಗಿ ಹೇಳಿದರು. ಅಪ್ಪ ಅಮ್ಮನಿಗೆ ಗೊತ್ತಿರದಿದ್ದ ಮಗಳು ಅವಳು. ರಶೀದಾ ಒಂದೂ ಮಾತು ಬಿಡದೆ ಕೇಳಿಸಿಕೊಂಡಳು.

ವಾಪಸ್ ಬರುವಾಗ ಒಂದು ಮೋರಿಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಇಳಿದು ಅದರ ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ.

"ಆ ಮನೇಲಿ ಅವಳು ಬದುಕಿದಾಳೆ ರೀ," ಎಂದಳು.

"ಸುಳ್ಳು ಅದು, ರಶೀದಾ."

"ನಂಗೆ ಗೊತ್ತಿಲ್ವಾ?"

ಅಲ್ಲಿಂದ ತಿಂಗಳಿಗೊಂದು ಸಲ ಹೋಗುವುದು ರೂಢಿಯಾಯಿತು. ಅಬ್ದುಲ್ಲಾ ಕರೆದುಕೊಂಡು ಹೋಗುತ್ತಿದ್ದ, ಆದರೆ ಎರಡನೇ ಸಲದಿಂದ ಒಳಗೆ ಹೋಗಲಿಲ್ಲ. ಕಣದ ತುದಿಯಲ್ಲಿ ಗಾಡಿಯ ಪಕ್ಕ ನಿಂತು, ಮಾಡುವುದಕ್ಕೆ ಏನಿಲ್ಲದಿದ್ದರೂ ಕನ್ನಡಿ ಒರೆಸುತ್ತಿದ್ದ. ಜಗಲಿಯ ಮಾತು ಅಲ್ಲಿಗೂ ಕೇಳುತ್ತಿತ್ತು. ರಶೀದಾ ಅರುಣಾಳನ್ನು ಕೇಳಿ ಕೇಳಿ ಕಳಸವನ್ನು ತಿಳಿದುಕೊಂಡಿದ್ದಳು. ಹುಸ್ನಾಳ ಗಂಡನಿಗೆ ಅಲ್ಲಿ ಮೆಣಸಿನ ವ್ಯಾಪಾರ. ಮನೆಯಿಂದ ಸ್ವಲ್ಪ ಇಳಿದರೆ ಭದ್ರಾ ನದಿ. ಅತ್ತೆ ಒಳ್ಳೆಯವರು, ಸೊಸೆ ಕೆಲಸಕ್ಕೆ ಹೋಗುವುದಕ್ಕೆ ಬೇಡ ಎನ್ನುವುದಿಲ್ಲ. ಹೀಗೆ ಒಂದೊಂದು ತಿಂಗಳಿಗೆ ಒಂದಿಷ್ಟು ಬೆಳೆಯುತ್ತ ಹೋಯಿತು. ಮನೆಯಲ್ಲಿ ದಿನವಿಡೀ ಬಾಯಿ ಬಿಡದ ಹೆಂಡತಿ ಅಲ್ಲಿ ಅಷ್ಟು ಸಲೀಸಾಗಿ ಮಾತಾಡುವುದನ್ನು ಕೇಳಿ ಅಬ್ದುಲ್ಲಾಗೆ ಒಂದು ಸಲ ಸಿಟ್ಟು ಬರುತ್ತಿತ್ತು, ಇನ್ನೊಂದು ಸಲ ಅವಳ ಮೇಲೆ ಮರುಕ ಹುಟ್ಟುತ್ತಿತ್ತು.

ಕಾಫಿ ಹೂವು ಅರಳಿ ಉದುರಿದ ಮೇಲೆ ಒಂದು ದಿನ ಅವಳು, "ಹುಸ್ನಾ ಈಗ ಬಸುರಿ, ಯಜಮಾನ್ರೇ. ಮಳೆಗಾಲಕ್ಕೆ ದಿನ ತುಂಬುತ್ತೆ," ಎಂದಳು.

ಆ ದಿನ ದಾರಿಯಲ್ಲಿ ಅಬ್ದುಲ್ಲಾ ತಡೆಯಲಾರದೆ ಗಾಡಿ ನಿಲ್ಲಿಸಿಬಿಟ್ಟ.

"ಸಾಕು ಮಾಡು ಇದನ್ನ. ಅಲ್ಲಾನ ಹತ್ರ ಹೋಗಿರೋ ಹುಡುಗಿ ಮೇಲೆ ಇಷ್ಟೆಲ್ಲ ಯಾಕೆ ಹೊರಿಸ್ತೀಯ? ನಾನು ಅವಳನ್ನ ಮಣ್ಣಿಗಿಟ್ಟು ಬಂದಿದೀನಿ. ನೀನು ವಾಪಸ್ ತರ್ತೀಯ, ಪ್ರತಿ ತಿಂಗಳೂ ನಾನು ಮತ್ತೆ ಹೋಗಿ ಇಟ್ಟು ಬರ್ಬೇಕು."

ರಶೀದಾ ತಲೆ ತಗ್ಗಿಸಿದಳು. "ಇನ್ನು ಹೋಗಲ್ಲ," ಎಂದಳು. ಮುಂದಿನ ತಿಂಗಳು ಅವಳು ಹೊರಡಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಗಾಡಿ ಟಾರ್ಪಾಲಿನ ಕೆಳಗೆ ಸೇರಿತು. ಶುಕ್ರವಾರ ಸ್ಟಾರ್ಟ್ ಮಾಡುವುದನ್ನೂ ಅವಳು ನಿಲ್ಲಿಸಿದಳು. ಅಬ್ದುಲ್ಲಾಗೆ ತಾನು ಗೆದ್ದೆ ಎನಿಸಲಿಲ್ಲ. ಒಂದು ದಿನ ಅವನೇ, "ಅರುಣಾ ಬಂದಿದ್ಲು. ಮುದುಕರು ಕೇಳ್ತಿದ್ರಂತೆ," ಎಂದ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು, ಮತ್ತೆ ಆರಿಸತೊಡಗಿದಳು.

ಮುಂಗಾರು ಹಿಡಿದುಕೊಂಡ ವಾರ ರುದ್ರಪ್ಪನವರು ತೀರಿಕೊಂಡರು. ಅರುಣಾ ಫೋನು ಮಾಡಿ ಹೇಳಿದಳು. ಅಬ್ದುಲ್ಲಾ ಟಾರ್ಪಾಲು ತೆಗೆದು ಗಾಡಿ ಹೊರಗೆ ತಂದ. ಇವರು ಹೋಗುವಷ್ಟರಲ್ಲಿ ಅಲ್ಲಿ ಮಣ್ಣು ಮುಗಿದು, ನೆಂಟರು ಕೊಡೆ ಹಿಡಿದು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಖಾಲಿ ಕುರ್ಚಿಯನ್ನು ಕಂಡದ್ದೇ ರಶೀದಾ ಜಗಲಿಯ ಕಂಬ ಹಿಡಿದುಕೊಂಡು ಕುಸಿದು ಅತ್ತಳು. ಮಂಗಳೂರಿನ ಆಸ್ಪತ್ರೆಯಲ್ಲೂ ಅಬ್ದುಲ್ಲಾ ಅವಳು ಹಾಗೆ ಅತ್ತದ್ದನ್ನು ನೋಡಿರಲಿಲ್ಲ. ನೆಂಟರು ಅಚ್ಚರಿಯಿಂದ ನೋಡಿದರು. ಮೇಘಶ್ರೀಗೆ ಮಾತ್ರ ಅರ್ಥವಾಯಿತು. ಅವಳು ಬಂದು ಪಕ್ಕದಲ್ಲಿ ಕೂತು ರಶೀದಾಳ ಬೆನ್ನ ಮೇಲೆ ಕೈಯಿಟ್ಟಳು.

ಹೊರಡುವಾಗ ರುದ್ರಪ್ಪನವರ ಮಗ ಹಾಲೇಶ್ ಒಳಗಿನಿಂದ ಒಂದು ಬಾಟಲಿ ತಂದ. ಬಾಯಿಗೆ ಬಟ್ಟೆ ಕಟ್ಟಿದ ಕಾಡುಜೇನು.

"ಅಪ್ಪ ಎತ್ತಿಡಿಸಿದ್ರು," ಎಂದ. ಅವನು ಇಬ್ಬರ ಮುಖವನ್ನೂ ನೋಡಲಿಲ್ಲ. "ಹುಸ್ನಾಗೆ ಹೆರಿಗೆ ಆದ್ಮೇಲೆ ಕೊಡ್ಬೇಕು ಅಂತ. ಕೊನೇ ದಿನಾನೂ ಕೇಳಿದ್ರು, ಜೇನು ಕಳಿಸಿದ್ಯಾ ಅಂತ. ಕಳಿಸಿದೀನಿ ಅಂದೆ. ನೀವು ತಗೊಂಡು ಹೋಗ್ಬೇಕು ಸಾಬ್ರೇ. ನನ್ನ ಕೈಲಿ ಇದನ್ನ ಇಟ್ಕೊಳ್ಳೋಕೆ ಆಗಲ್ಲ."

ಅಬ್ದುಲ್ಲಾ ಎರಡೂ ಕೈಯಲ್ಲಿ ತೆಗೆದುಕೊಂಡು ರಶೀದಾಗೆ ಕೊಟ್ಟ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

ಮಳೆ ಸ್ವಲ್ಪ ಬಿಟ್ಟಿತ್ತು. ಜಲ್ಲಿಯ ದಾರಿಯಲ್ಲಿ ನೀರು ಹರಿಯುತ್ತಿತ್ತು, ಗಾಡಿ ನಿಧಾನವಾಗಿ ಇಳಿಯಿತು. ಬೆನ್ನಿಗೆ ಬಾಟಲಿ ತಾಗುತ್ತಿತ್ತು. ಅಬ್ದುಲ್ಲಾ ಏನಾದರೂ ಹೇಳಬೇಕು ಎಂದು ಬಹಳ ಹೊತ್ತಿನಿಂದ ಯೋಚಿಸುತ್ತಿದ್ದ. ಡಾಂಬರು ರಸ್ತೆ ಸಿಕ್ಕಿದ ಮೇಲೆ, ಹಿಂತಿರುಗಿ ನೋಡದೆ ಕೇಳಿದ.

"ಗಂಡಾ, ಹೆಣ್ಣಾ?"

ಭುಜದ ಮೇಲಿದ್ದ ರಶೀದಾಳ ಕೈ ಒಮ್ಮೆ ಬಿಗಿಯಾಯಿತು.

"ಹೆಣ್ಣು," ಎಂದಳು.